ತೇವಾಂಶ ಮಾಪಕದ ಸಂವೇದಕಗಳನ್ನು ಹೊಂದಿಸುವ ಕ್ರಮ: ಭತ್ತ, ತೊಗರಿ, ಹತ್ತಿ ವ್ಯಾಪಾರಸ್ಥರಿಗೊಂದು ಪಾಠ

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಹುಣಸಗಿ, ಸುರಪುರ, ಶಹಾಪುರ ಭಾಗದ ವ್ಯಾಪಾರದ ಸ್ವರೂಪ ಬದಲಾಯಿತು. ಜೋಳ, ಸಜ್ಜೆಯ ಸೀಮೆಯಲ್ಲಿ ನೆಲ್ಲು ಪ್ರಧಾನ ಸರಕಾಯಿತು. ಒಣಭೂಮಿಯ ಧಾನ್ಯವು ಕಣದಲ್ಲಿ ಬಿಸಿಲು ಕಂಡೇ ಪೇಟೆಗೆ ಬರುತ್ತಿದ್ದುದರಿಂದ ಕಾಳನ್ನು ಹಲ್ಲಿನಲ್ಲಿ ಕಡಿದು, ಅಂಗೈಯಲ್ಲಿ ಉಜ್ಜಿ ದರ ಹೇಳುವುದು ಹಿಂದಿನ ಅಡತ್ ವ್ಯಾಪಾರಸ್ಥರಿಗೆ ಸಾಧ್ಯವಿತ್ತು. ಇಂದು ಕಟಾವು ಯಂತ್ರದಿಂದ ಗದ್ದೆಯಲ್ಲೇ ಟ್ರ್ಯಾಕ್ಟರಿಗೆ ಬಿದ್ದ ಭತ್ತವು ಶೇ. 20ಕ್ಕೂ ಹೆಚ್ಚಿನ ತೇವದೊಡನೆ ನೇರವಾಗಿ ಮಿಲ್ಲಿನ ಬಾಗಿಲಿಗೆ ಬರುವುದುಂಟು. ಆದುದರಿಂದ ಕೈಯಲ್ಲಿ ಹಿಡಿದೊಯ್ಯಬಹುದಾದ ತೇವಾಂಶ ಮಾಪಕವು ಕಾಟಾದಷ್ಟೇ ಅವಶ್ಯಕ ಸಾಧನವಾಗಿದೆ.

ಆದರೆ ಕಾಟಾಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾಟಾದ ಮೇಲೆ ಚೀಲವಿಟ್ಟರೆ ಅದು ತೂಕವನ್ನೇ ಅಳೆಯುತ್ತದೆ. ತೇವಾಂಶ ಮಾಪಕವಾದರೋ ನೀರನ್ನು ಅಳೆಯುವುದೇ ಇಲ್ಲ. ಧಾನ್ಯದ ಒಂದು ವಿದ್ಯುತ್ ಗುಣವನ್ನು ಅಳೆದು, ತನ್ನೊಳಗೆ ಬರೆದಿಟ್ಟಿರುವ ಪಟ್ಟಿಯ ಪ್ರಕಾರ ಇಷ್ಟು ನೀರಿರಬೇಕೆಂದು ಲೆಕ್ಕ ಹಾಕಿ ಹೇಳುತ್ತದೆ. ಯಾವ ಪಟ್ಟಿ, ಯಾವ ಉಷ್ಣತೆ, ಯಾವ ಆಧಾರ ಎಂಬುದನ್ನು ಉಪಯೋಗಿಸುವವರು ಹೊಂದಿಸಿಕೊಡಬೇಕು. ಒಂದೇ ಚೀಲದ ಭತ್ತವು ಒಂದು ಮಿಲ್ಲಿನಲ್ಲಿ ಶೇ. 16.8, ಇನ್ನೊಂದರಲ್ಲಿ ಶೇ. 18.3 ತೋರಿಸಿದಾಗ ಎದುರಿನವರ ನಿಯತ್ತಿನ ಮೇಲೆ ಸಂಶಯ ಪಡುವುದು ಸಾಮಾನ್ಯವಾಗಿದೆ. ಬಹಳಷ್ಟು ಪ್ರಸಂಗಗಳಲ್ಲಿ ದೋಷವಿರುವುದು ನಿಯತ್ತಿನಲ್ಲಲ್ಲ, ಮಾಪಕವನ್ನು ಹೊಂದಿಸಿದ ರೀತಿಯಲ್ಲಿ. ಆ ಹೊಂದಾಣಿಕೆಯ ಕ್ರಮವನ್ನು ವಿವರಿಸುವುದು ಈ ಪಾಠದ ಉದ್ದೇಶ.

ಎಷ್ಟು ಹಣದ ಪ್ರಶ್ನೆ?

ಧಾನ್ಯದಲ್ಲಿ ನಿಜವಾಗಿ ಬೆಲೆಯಿರುವುದು ಒಣ ಪದಾರ್ಥಕ್ಕೆ. ಖರೀದಿಸಿದ ತೂಕವನ್ನು 100ರಿಂದ ನಿಜವಾದ ತೇವಾಂಶ ಕಳೆದು ಬಂದ ಸಂಖ್ಯೆಯಿಂದ ಗುಣಿಸಿ, 100ರಿಂದ ಒಪ್ಪಿದ ತೇವಾಂಶ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಸರಕಿನ ತೂಕ ಸಿಗುತ್ತದೆ. ಮಾಪಕವು ಶೇ. 17 ಎಂದು ತೋರಿಸಿದ 100 ಕ್ವಿಂಟಲ್ ಭತ್ತದಲ್ಲಿ ವಾಸ್ತವವಾಗಿ ಶೇ. 18.5 ತೇವವಿದೆಯೆಂದು ಭಾವಿಸೋಣ. 81.5ನ್ನು 83ರಿಂದ ಭಾಗಿಸಿದರೆ 100 ಕ್ವಿಂಟಲಿಗೆ 98.19 ಕ್ವಿಂಟಲ್ ಮಾತ್ರ ದೊರೆಯುತ್ತದೆ. ಉಳಿದ 1.81 ಕ್ವಿಂಟಲ್ ಬರೀ ನೀರು. 2025-26ರ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಘೋಷಿತವಾದ 2,369 ರೂಪಾಯಿ ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ ಮಿಲ್ಲಿನವರಿಗೆ ಸುಮಾರು 4,280 ರೂಪಾಯಿ ನಷ್ಟ. ಮಾಪಕವು ತಿರುಗಾ ಮುರುಗಾ ತಪ್ಪಿದರೆ ಹೆಚ್ಚುಕಡಿಮೆ ಇಷ್ಟೇ ನಷ್ಟ ರೈತನ ಪಾಲಿಗೆ ಬೀಳುತ್ತದೆ, ಅಥವಾ ಅವನ ಸರಕು ವಾಪಸು ಹೋಗುತ್ತದೆ. ಹಂಗಾಮಿನಲ್ಲಿ ಇಂತಹ ಎಷ್ಟು ಲೋಡುಗಳು ಬರುತ್ತವೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಸರ್ಕಾರಿ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತಕ್ಕೆ ಶೇ. 17, ತೊಗರಿಗೆ ಶೇ. 12 ಗರಿಷ್ಠ ಮಿತಿಯೆಂದು ಪಾಲಿಸಲಾಗುತ್ತದೆ. ಹತ್ತಿಗೆ ಭಾರತೀಯ ಹತ್ತಿ ನಿಗಮವು ಶೇ. 8ನ್ನು ಆಧಾರವಾಗಿಟ್ಟುಕೊಂಡು ಶೇ. 12ರವರೆಗೆ ಅನುಪಾತದ ಕಡಿತದೊಡನೆ ಖರೀದಿಸುತ್ತದೆ, ಅದಕ್ಕೆ ಮೇಲ್ಪಟ್ಟುದನ್ನು ನಿರಾಕರಿಸುತ್ತದೆ. ಪ್ರತಿ ಹಂಗಾಮಿನ ಆರಂಭದಲ್ಲಿ ಹೊರಡುವ ಆದೇಶವನ್ನು ನೋಡಿಕೊಂಡೇ ಮಾಪಕದ ಮಿತಿ-ಎಚ್ಚರಿಕೆಯನ್ನು ಇರಿಸುವುದು ಉಚಿತ.

ಸಂವೇದಕದ ಆಯ್ಕೆ

ಸೆನ್ಸಾರ್ ಎಂದು ನಾವು ಕರೆಯುವ ಸಂವೇದಕಗಳಲ್ಲಿ ಈ ವ್ಯಾಪಾರಕ್ಕೆ ಮುಖ್ಯವಾದವು ಎರಡು ಬಗೆ. ಮೊದಲನೆಯದು ಬಟ್ಟಲಿನ ಮಾದರಿ. ಬಟ್ಟಲಿನ ಗೋಡೆಗಳು ಕೆಪಾಸಿಟರಿನ ಎರಡು ಫಲಕಗಳಂತೆ ವರ್ತಿಸುತ್ತವೆ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣವು ನೀರಿಗೆ ಸುಮಾರು 80ರಷ್ಟಿದ್ದರೆ ಒಣ ಧಾನ್ಯಕ್ಕೆ 2ರಿಂದ 5ರಷ್ಟು ಮಾತ್ರ. ಆದುದರಿಂದ ಸ್ವಲ್ಪ ನೀರು ಹೆಚ್ಚಾದರೂ ಮಾಪಕಕ್ಕೆ ಗೊತ್ತಾಗುತ್ತದೆ. ಎರಡನೆಯದು ಸೂಜಿ ಅಥವಾ ಸಲಾಕೆಯ ಮಾದರಿ. ಎರಡು ಲೋಹದ ಮೊನೆಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುವ ಇದು ಹತ್ತಿಯ ಅಂಡಿಗೆ, ಬೇಲಿಗೆ ಹೊಂದುತ್ತದೆ. ಹಿಡಿ ತಿರುಗಿಸಿ ಮಾದರಿಯನ್ನು ಅಮುಕಿ ಓದುವ ಹಳೆಯ ಮೀಟರುಗಳೂ ಈ ರೋಧದ ತತ್ತ್ವದವೇ.

ಈಗಿನ ಅನೇಕ ಉಪಕರಣಗಳಲ್ಲಿ ಒಂದೇ ಪೆಟ್ಟಿಗೆಗೆ ಬಟ್ಟಲು, ಸಲಾಕೆ, ಹವೆಯ ಆರ್ದ್ರತೆಯ ಕಡ್ಡಿ ಇವುಗಳನ್ನು ಬದಲಿಸಿ ಜೋಡಿಸಬಹುದು. ಸಲಾಕೆ ಜೋಡಿಸಿದ ಮಾತ್ರಕ್ಕೆ ಉಪಕರಣವು ಅದನ್ನು ಗುರುತಿಸುತ್ತದೆಂದು ನಂಬತಕ್ಕದ್ದಲ್ಲ. ಕೆಲವು ಗುರುತಿಸುತ್ತವೆ, ಉಳಿದವುಗಳಲ್ಲಿ ಮೆನುವಿನೊಳಗೆ ಹೋಗಿ ಯಾವ ಸಂವೇದಕ ಎಂಬುದನ್ನು ನಾವೇ ತಿಳಿಸಬೇಕು. ತಿಳಿಸದಿದ್ದರೂ ಪರದೆಯ ಮೇಲೆ ಒಂದು ಅಂಕಿ ಬಂದೇ ಬರುತ್ತದೆ. ಈ ಉಪಕರಣಗಳ ದೊಡ್ಡ ದೌರ್ಬಲ್ಯ ಇದೇ: ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಅವುಗಳಿಗಿಲ್ಲ.

ಸರಕಿನ ಸಂಕೇತ

ಸಂವೇದಕವಾದ ಮೇಲೆ ಸರಕಿನ ಸಂಕೇತ. ಭತ್ತ, ಅಕ್ಕಿ, ಕುಚ್ಚಲಕ್ಕಿ ಮೂರಕ್ಕೂ ಬೇರೆ ಬೇರೆ ಪಟ್ಟಿಗಳಿರುತ್ತವೆ. ಹೊಟ್ಟಿರುವ ಭತ್ತಕ್ಕೆ ಅಕ್ಕಿಯ ಸಂಕೇತ ಇಟ್ಟರೆ ಬರುವ ಅಂಕಿಗೆ ಅರ್ಥವಿಲ್ಲ. ತಳಿಯ ಪ್ರಭಾವವೂ ಇದೆ. ನಮ್ಮ ಅಚ್ಚುಕಟ್ಟಿನಲ್ಲಿ ಬೆಳೆಯುವ ಸೋನಾ ಮಸೂರಿ ಎಂಬ ಬಿಪಿಟಿ 5204, ಅದಕ್ಕಿಂತ ಸಣ್ಣ ಕಾಳಿನ ಆರ್‌ಎನ್‌ಆರ್ 15048 ಇವು ಬಟ್ಟಲಿನಲ್ಲಿ ಕೂರುವ ರೀತಿಯೇ ದಪ್ಪ ಭತ್ತಕ್ಕಿಂತ ಭಿನ್ನ. ಹೊರದೇಶದಲ್ಲಿ ತಯಾರಾದ ಮಾಪಕದಲ್ಲಿ ಉದ್ದ ಕಾಳು, ಮಧ್ಯಮ ಕಾಳು ಎಂದು ಮಾತ್ರ ಇದ್ದರೆ, ಅದು ಅಲ್ಲಿನ ಭತ್ತವನ್ನು ನೋಡಿ ಮಾಡಿದ ಪಟ್ಟಿಯಾಗಿರುವ ಸಂಭವವೇ ಹೆಚ್ಚು. ಇಂತಹ ಸಂಕೇತವನ್ನು ಬಳಸಬಾರದೆಂದಲ್ಲ. ಮುಂದೆ ಹೇಳಲಿರುವ ಒಲೆಯ ಪರೀಕ್ಷೆಯಿಂದ ಸರಿಪಡಿಸಿಕೊಂಡು ಬಳಸಬೇಕು. ಒಣಮೆಣಸಿನಕಾಯಿಯಂತಹ, ಪಟ್ಟಿಯಲ್ಲಿಲ್ಲದ ಸರಕಿಗೆ ಹತ್ತಿರದ್ದೆಂದು ಯಾವುದೋ ಕಾಳಿನ ಸಂಕೇತ ಹಚ್ಚುವುದನ್ನು ಮಾತ್ರ ಸರ್ವಥಾ ಬಿಡತಕ್ಕದ್ದು.

ಹತ್ತಿಯಲ್ಲಿ ಇನ್ನೊಂದು ತೊಡಕು. ಬೀಜ ಸಹಿತ ಹತ್ತಿ ಬೇರೆ, ಜಿನ್ನಿಂಗ್ ಆದ ಅರಳೆ ಬೇರೆ. ಬೀಜ ಸಹಿತ ಹತ್ತಿಯ ತೂಕದಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಬೀಜವೇ ಇರುತ್ತದೆ. ಅರಳೆಯ ಸಂಕೇತದಲ್ಲಿ ಸಲಾಕೆಯನ್ನು ಹತ್ತಿಯ ಅಂಡಿಗೆಗೆ ಚುಚ್ಚಿದರೆ ಸೂಜಿಗೆ ತಾಗಿದ ನೂಲಿನ ತೇವ ಗೊತ್ತಾಗುತ್ತದೆಯೇ ಹೊರತು ಬೀಜದೊಳಗಿನದಲ್ಲ. ಅದಲ್ಲದೆ ಸಡಿಲವಾದ ಹತ್ತಿಯಲ್ಲಿ ಮೊನೆಗಳಿಗೆ ನೂಲು ಸರಿಯಾಗಿ ತಾಗದೆ ರೋಧ ಹೆಚ್ಚಾಗಿ, ತೇವ ಕಡಿಮೆಯೆಂದು ತೋರುತ್ತದೆ. ಒತ್ತಿದ ಬೇಲಿನಲ್ಲಿ ಇದರ ವಿರುದ್ಧ. ಆದ್ದರಿಂದ ಬೇಲು, ಸಡಿಲ ಹತ್ತಿ ಎಂಬ ಪ್ರತ್ಯೇಕ ಆಯ್ಕೆಗಳಿದ್ದಲ್ಲಿ ಅವನ್ನು ಉಪಯೋಗಿಸಬೇಕು. ಇಲ್ಲದಿದ್ದಲ್ಲಿ ಪ್ರತಿ ಸಲವೂ ಒಂದೇ ಅಳತೆಯ ಡಬ್ಬಿಗೆ ಒಂದೇ ತೂಕದ ಹತ್ತಿ ತುಂಬಿ ಒತ್ತಿ ಅಳೆಯುವ ಪದ್ಧತಿ ಇಟ್ಟುಕೊಳ್ಳಬೇಕು.

ಹಸಿ ಆಧಾರ, ಒಣ ಆಧಾರ

ಶೇಕಡಾ ಎಂದರೆ ಯಾವುದರ ಶೇಕಡಾ ಎಂಬ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಧಾನ್ಯ ವ್ಯಾಪಾರದಲ್ಲಿ ನೀರಿನ ತೂಕವನ್ನು ಒಟ್ಟು ತೂಕದಿಂದ ಭಾಗಿಸುತ್ತೇವೆ. ಇದು ಹಸಿ ಆಧಾರ. ನೂಲಿನ ಉದ್ಯಮದಲ್ಲಿ ನೀರಿನ ತೂಕವನ್ನು ಒಣ ನೂಲಿನ ತೂಕದಿಂದ ಭಾಗಿಸುವ ರೂಢಿಯಿದೆ. ಇದಕ್ಕೆ ರೀಗೇನ್ ಎಂದು ಹೆಸರು, ಹತ್ತಿಗೆ ಇದರ ಪ್ರಮಾಣಿತ ಅಂಕಿ ಶೇ. 8.5. ಹಸಿ ಆಧಾರದಲ್ಲಿ ಇದು ಶೇ. 7.83 ಆಗುತ್ತದೆ. ನೂಲಿನ ಗಿರಣಿಗಳಿಗಾಗಿ ತಯಾರಾದ ಮಾಪಕವನ್ನು ಕೊಂಡ ಜಿನ್ನಿಂಗ್ ಮಿಲ್ಲಿನವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ಹಸಿ ಆಧಾರದಲ್ಲಿ ಶೇ. 11 ತೇವವಿರುವ ಹತ್ತಿ ಖರೀದಿಗೆ ಯೋಗ್ಯವಾದದ್ದು. ಅದೇ ಹತ್ತಿಯನ್ನು ಒಣ ಆಧಾರಕ್ಕೆ ಹೊಂದಿಸಿದ ಮಾಪಕದಲ್ಲಿ ನೋಡಿದರೆ, 11ನ್ನು 89ರಿಂದ ಭಾಗಿಸಿದ ಫಲವಾಗಿ ಶೇ. 12.36 ಕಾಣುತ್ತದೆ. ಶೇ. 12ರ ಗೆರೆ ದಾಟಿತೆಂದು ಗಾಡಿಯನ್ನೇ ಹಿಂದಕ್ಕೆ ಕಳುಹಿಸುವುದಾಗುತ್ತದೆ. ಸಂವೇದಕ ಕೆಟ್ಟಿಲ್ಲ, ಸರಕು ಕೆಟ್ಟಿಲ್ಲ, ಮೆನುವಿನ ಒಂದು ಅಕ್ಷರ ಮಾತ್ರ ಬೇರೆ. ಕೈಪಿಡಿಯಲ್ಲಿ ಆಧಾರವನ್ನು ಬದಲಿಸುವ ಗುಂಡಿ ಎಲ್ಲಿದೆಯೆಂಬುದನ್ನು ಹುಡುಕಿ, ಹಸಿ ಆಧಾರಕ್ಕೆ ಇರಿಸಿ, ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸುವುದು ಒಳ್ಳೆಯದು.

ಉಷ್ಣತೆ

ನಮ್ಮ ಸೀಮೆಯಲ್ಲಿ ಅತ್ಯಂತ ಹೆಚ್ಚು ವ್ಯತ್ಯಾಸ ತರುವುದು ಇದೇ. ಮುಂಗಾರಿನ ಭತ್ತ ಚಳಿಗಾಲದಲ್ಲಿ ಬಂದರೆ, ಬೇಸಿಗೆಯ ಭತ್ತ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಬರುತ್ತದೆ. ಬಿಸಿಯಾದ ಕಾಳು ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುತ್ತದೆ. ಬಟ್ಟಲಿನ ಮಾದರಿಯಲ್ಲಿ ಅನೇಕ ಧಾನ್ಯಗಳಿಗೆ ಒಂದು ಡಿಗ್ರಿಗೆ ಸುಮಾರು ಶೇ. 0.1ರಂತೆ ಲೆಕ್ಕ ಹಿಡಿಯಬಹುದು. ರೋಧದ ಮಾದರಿಯಲ್ಲಿಯೂ ಬಿಸಿ ಹೆಚ್ಚಾದಂತೆ ರೋಧ ಇಳಿದು ಅದೇ ದಿಕ್ಕಿನ ದೋಷ ಉಂಟಾಗುತ್ತದೆ.

ಸ್ವಯಂಚಾಲಿತ ಉಷ್ಣತಾ ಸರಿದೂಗಿಕೆ ಇದೆಯೆಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದಿ ಸಮಾಧಾನ ಪಡುವವರಿದ್ದಾರೆ. ಆದರೆ ಆ ಉಷ್ಣತೆಯನ್ನು ಯಾವ ಸಂವೇದಕ ಅಳೆಯುತ್ತದೆ ಎಂಬುದನ್ನು ಕೇಳಬೇಕು. ಅಗ್ಗದ ಮಾಪಕಗಳಲ್ಲಿ ಅದು ಪೆಟ್ಟಿಗೆಯ ಮೈಯೊಳಗಿರುತ್ತದೆ, ಅಂದರೆ ಕಾಳಿನ ಉಷ್ಣತೆಯನ್ನಲ್ಲ, ಮಾಪಕದ ಉಷ್ಣತೆಯನ್ನು ಅಳೆಯುತ್ತದೆ. ತಂಪಾದ ಆಫೀಸು ಕೋಣೆಯಲ್ಲಿ 24 ಡಿಗ್ರಿಯಲ್ಲಿದ್ದ ಮಾಪಕಕ್ಕೆ ಅಂಗಳದ 42 ಡಿಗ್ರಿಯ ಭತ್ತವನ್ನು ಸುರಿದರೆ, 18 ಡಿಗ್ರಿಯ ಅಂತರ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಮೇಲಿನ ಸೂತ್ರದಂತೆ ಶೇ. 1.8ರಷ್ಟು ಹೆಚ್ಚು ತೇವ ತೋರಿ ರೈತನಿಗೆ ಹಾನಿಯಾಗುತ್ತದೆ. ಜೀಪಿನ ಮುಂಭಾಗದಲ್ಲಿ ಬಿಸಿಲಿಗೆ ಕಾದ ಮಾಪಕದಿಂದ ನೆರಳಿನ ಭತ್ತವನ್ನು ಅಳೆದರೆ ಅದು ತಪ್ಪಾಗಿ ಕಳೆದು ಕಡಿಮೆ ತೋರಿಸುತ್ತದೆ, ಖರೀದಿದಾರನಿಗೆ ಹಾನಿ. ಹೀಗಾಗಿ ಮಾಪಕವನ್ನೂ ಮಾದರಿಯನ್ನೂ ಒಂದೇ ನೆರಳಿನಲ್ಲಿ, ಮಾದರಿ ಮುಚ್ಚಿದ ಡಬ್ಬಿಯಲ್ಲಿರುವಂತೆ, ಎರಡರ ಉಷ್ಣತೆಯೂ ಸಮೀಪಿಸುವವರೆಗೆ ಇಡಬೇಕು. ಮುಚ್ಚದೆ ಇಟ್ಟರೆ ಮಾದರಿಯೇ ಒಣಗುತ್ತದೆ. ಹೊರ ಉಷ್ಣತಾ ಕಡ್ಡಿ ಜೋಡಿಸುವ ಸೌಕರ್ಯವಿದ್ದಲ್ಲಿ ಉಷ್ಣತೆಯ ಮೂಲವನ್ನು ಆ ಕಡ್ಡಿಗೆ ಬದಲಿಸಿ, ಕಾಳಿನ ಒಳಗೆ ಅದನ್ನು ಇಳಿಸಿಯೇ ಅಳೆಯಬೇಕು.

ಉಷ್ಣತೆಗೆ ಸಂಬಂಧಿಸಿದ, ಆದರೆ ಯಾವ ಹೊಂದಾಣಿಕೆಯೂ ಸರಿಪಡಿಸಲಾರದ ಒಂದು ಸಂಗತಿಯನ್ನು ಇಲ್ಲೇ ಹೇಳುವುದು ಲೇಸು. ಡ್ರೈಯರಿನಿಂದ ಆಗಷ್ಟೇ ಇಳಿದ ಭತ್ತದ ಹೊರಮೈ ಒಣಗಿರುತ್ತದೆ, ಒಳಗೆ ತೇವ ಉಳಿದಿರುತ್ತದೆ. ಮಾಪಕವು ಹೊರಮೈಯನ್ನು ಹೆಚ್ಚು ನಂಬುವುದರಿಂದ ಆಗ ಕಡಿಮೆ ಅಂಕಿ ಬರುತ್ತದೆ. ರಾಶಿ ಹಾಕಿ ಕೆಲವು ಗಂಟೆ ಬಿಟ್ಟ ಮೇಲೆ ಅದೇ ಭತ್ತ ಮತ್ತೆ ತೇವ ತೋರಿಸುತ್ತದೆ. ಶೇ. 14 ಬಂದಿತೆಂದು ಡ್ರೈಯರ್ ನಿಲ್ಲಿಸಿ ಗೋದಾಮಿಗೆ ಹಾಕಿದ ಭತ್ತ ಬಿಸಿಯಾಗಿ ಮುಗ್ಗಲು ಹಿಡಿಯುವುದಕ್ಕೆ ಇದೊಂದು ಕಾರಣ. ಬೆಳಗಿನ ಇಬ್ಬನಿ ಬಿದ್ದ ಅಥವಾ ಮೇಲೆ ನೀರು ಚಿಮುಕಿಸಿದ ಸರಕಿನಲ್ಲಿ ಇದರ ವಿರುದ್ಧ ಫಲ ಕಾಣುತ್ತದೆ.

ಬಟ್ಟಲನ್ನು ತುಂಬುವ ಬಗೆ

ಬಟ್ಟಲಿನ ಮಾಪಕಕ್ಕೆ ನೀರೂ ಒಂದೇ, ಒತ್ತಾಗಿ ಕೂತ ಕಾಳೂ ಒಂದೇ; ಎರಡರಿಂದಲೂ ಅಂಕಿ ಏರುತ್ತದೆ. ತಕ್ಕಡಿ ಒಳಗೇ ಇರುವ ಮಾಪಕಗಳು ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅವುಗಳನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಖಾಲಿ ಬಟ್ಟಲಿಗೆ ಸೊನ್ನೆ ಮಾಡಿಕೊಳ್ಳಬೇಕು. ಗಾಡಿಯ ಮೇಲೆ, ಫ್ಯಾನಿನ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ. ತಕ್ಕಡಿಯಿಲ್ಲದವುಗಳಿಗೆ ಕೈಪಿಡಿಯಲ್ಲಿ ಹೇಳಿದ ತೂಕ ಅಥವಾ ಗೆರೆಯವರೆಗೆ, ಒಂದೇ ಎತ್ತರದಿಂದ, ಒಂದೇ ವೇಗದಲ್ಲಿ ಸುರಿಯಬೇಕು, ತಟ್ಟಿ ಕೂರಿಸಬಾರದು. ಹುಲ್ಲು, ಜೊಳ್ಳು ತೆಗೆದ ಮಾದರಿಯಾಗಿರಬೇಕು. ಲೋಡಿನ ಮೇಲ್ಭಾಗ, ನಡು, ತಳದಿಂದ ತೆಗೆದು ಬೆರೆಸಿದ ಮಾದರಿಯನ್ನು ಪ್ರತಿ ಸಲವೂ ಬಟ್ಟಲು ಖಾಲಿ ಮಾಡಿ ಕನಿಷ್ಠ ಮೂರು ಸಲ ಅಳೆದು ಸರಾಸರಿ ಹಿಡಿಯುವುದು ನ್ಯಾಯ. ಕೈಯಲ್ಲಿ ಹಿಡಿಯುವ ಮಾಪಕಗಳಿಗೆ ತಯಾರಕರೇ ಸಾಮಾನ್ಯವಾಗಿ ಅರ್ಧ ಶೇಕಡಾ ಆಚೆ ಈಚೆ ಎಂದು ಒಪ್ಪಿಕೊಂಡಿರುವಾಗ, ಒಂದೇ ಸಲ ಕಂಡ 17.2ನ್ನು ಹಿಡಿದುಕೊಂಡು ಸರಕು ನಿರಾಕರಿಸುವುದು ಲೇಖಕನ ಅಭಿಪ್ರಾಯದಲ್ಲಿ ವ್ಯಾಪಾರವೆನಿಸದು.

ಒಲೆಯೊಡನೆ ತಾಳೆ ನೋಡುವುದು

ಇನ್ನು ಬಹು ಮುಖ್ಯವಾದ ಹಂತ. ಮಾಪಕ ನಿಜ ಹೇಳುತ್ತಿದೆಯೇ ಎಂಬುದಕ್ಕೆ ಇನ್ನೊಂದು ಮಾಪಕ ಸಾಕ್ಷಿಯಾಗಲಾರದು. ಧಾನ್ಯವನ್ನು ಒಣಗಿಸಿ ತೂಗುವುದೊಂದೇ ಮೂಲ ವಿಧಾನ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 712ರ ಪ್ರಕಾರ ಪುಡಿ ಮಾಡಿದ ಧಾನ್ಯವನ್ನು 130ರಿಂದ 133 ಡಿಗ್ರಿ ಉಷ್ಣತೆಯ ವಿದ್ಯುತ್ ಒಲೆಯಲ್ಲಿ ಎರಡು ಗಂಟೆ ಇಟ್ಟು, ತೇವ ಹೀರದ ಪಾತ್ರೆಯಲ್ಲಿ ತಣಿಸಿ, ಮಿಲಿಗ್ರಾಮಿನವರೆಗೆ ತೂಗಲಾಗುತ್ತದೆ. ಹೆಚ್ಚು ಹಸಿಯಾದ ಭತ್ತವು ಪುಡಿಯಾಗುವಾಗಲೇ ತೇವ ಕಳೆದುಕೊಳ್ಳುವುದರಿಂದ ಅದನ್ನು ಮೊದಲು ಇಡೀ ಕಾಳಾಗಿ ಸ್ವಲ್ಪ ಒಣಗಿಸಿ ತೂಗಿ, ಆಮೇಲೆ ಪುಡಿ ಮಾಡುವ ಎರಡು ಹಂತದ ಕ್ರಮವಿದೆ. ಇದಕ್ಕೆ ಬೇಕಾದ ತಕ್ಕಡಿ, ಒಲೆ ಪ್ರತಿ ಮಿಲ್ಲಿನಲ್ಲಿರುವುದಿಲ್ಲ. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಮಾದರಿ ಕಳುಹಿಸಬಹುದು. ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನಮಗೆ ಸಮೀಪದಲ್ಲಿದ್ದು, ಎಲ್ಲಿ ಪರೀಕ್ಷೆ ಸಾಧ್ಯವೆಂಬುದನ್ನು ಅಲ್ಲಿ ವಿಚಾರಿಸಬಹುದು. ನಾಲ್ಕಾರು ಮಿಲ್ಲಿನವರು ಕೂಡಿ ಹಂಗಾಮಿನ ಆರಂಭಕ್ಕೆ ಒಮ್ಮೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ.

ಒಂದೇ ಮಾದರಿ ಸಾಲದು. ಒಣ, ಮಧ್ಯಮ, ಹಸಿ ಹೀಗೆ ಮೂರು ಮಾದರಿ ಬೇಕು. ಮಾಪಕವು 15.1, 17.4, 19.2 ಎಂದಿರುವಲ್ಲಿ ಒಲೆಯ ಫಲ 15.7, 18.1, 19.7 ಬಂದಿತೆನ್ನಿ. ವ್ಯತ್ಯಾಸಗಳು 0.6, 0.7, 0.5, ಸರಾಸರಿ 0.6. ಮಾಪಕ ಕಡಿಮೆ ತೋರಿಸುತ್ತಿರುವುದರಿಂದ ಆ ಸರಕಿನ ಸಂಕೇತದಲ್ಲಿ ಆಫ್‌ಸೆಟ್ ಅಥವಾ ಬಯಾಸ್ ಎಂಬಲ್ಲಿ ಕೂಡಿಸುವ ಚಿಹ್ನೆಯೊಡನೆ 0.6 ನಮೂದಿಸಬೇಕು. ಚಿಹ್ನೆ ತಪ್ಪಿದರೆ ದೋಷ ಇಮ್ಮಡಿಯಾಗುತ್ತದೆ. ನಮೂದಿಸಿದ ಮೇಲೆ ಅದೇ ಮಾದರಿಯನ್ನು ಮತ್ತೊಮ್ಮೆ ಅಳೆದು ನೋಡಬೇಕು. ವ್ಯತ್ಯಾಸಗಳು 0.2, 0.7, 1.4 ಹೀಗೆ ಏರುತ್ತಾ ಹೋದರೆ ಮಾತ್ರ ಕೂಡಿಸಿ ಕಳೆಯುವುದರಿಂದ ಪ್ರಯೋಜನವಿಲ್ಲ. ಪಟ್ಟಿಯ ಇಳಿಜಾರೇ ತಪ್ಪಾಗಿದೆಯೆಂದು ತಿಳಿದು ತಯಾರಕರಿಗೆ ಕಳುಹಿಸಬೇಕು. ಭತ್ತಕ್ಕೆ ಮಾಡಿದ ತಿದ್ದುಪಡಿ ತೊಗರಿಗೆ ಅನ್ವಯಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು.

ದಿನನಿತ್ಯದ ತಪಾಸಣೆಗೆ ಶೇ. 12-13ರ ಒಣ ಭತ್ತವನ್ನು ಬಿಗಿ ಮುಚ್ಚಳದ ಗಾಜಿನ ಶೀಶೆಯಲ್ಲಿಟ್ಟುಕೊಂಡು ಬೆಳಿಗ್ಗೆ ಒಮ್ಮೆ ಅಳೆಯುವುದು ಸುಲಭೋಪಾಯ. ಹಸಿ ಭತ್ತ ಇಟ್ಟರೆ ಬೂಜು ಹಿಡಿಯುತ್ತದೆ. ಗೋದಾಮಿನ ಹವೆಯ ಆರ್ದ್ರತೆಯ ಕಡ್ಡಿಗೆ ಇನ್ನೂ ಅಗ್ಗದ ಪರೀಕ್ಷೆಯಿದೆ: ಅಡುಗೆ ಉಪ್ಪಿಗೆ ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮುಚ್ಚಿದ ಡಬ್ಬಿಯಲ್ಲಿ ಕಡ್ಡಿಯು ಉಪ್ಪಿಗೆ ತಾಗದಂತೆ ಕೆಲವು ಗಂಟೆ ತೂಗುಬಿಟ್ಟರೆ 25 ಡಿಗ್ರಿಯ ಆಸುಪಾಸಿನಲ್ಲಿ ಶೇ. 75 ತೋರಿಸಬೇಕು.

ದಾಖಲೆ

ಮಾಪಕದ ಪಕ್ಕದಲ್ಲಿ ಒಂದು ವಹಿ ಇರಲಿ. ದಿನಾಂಕ, ಸಂವೇದಕ, ಸರಕಿನ ಸಂಕೇತ, ಆಧಾರ, ಆಫ್‌ಸೆಟ್, ಶೀಶೆಯ ಅಂಕಿ ಇಷ್ಟನ್ನು ಬರೆದರೆ ಸಾಕು. ಗುಪ್ತಸಂಖ್ಯೆಯ ಸೌಕರ್ಯವಿದ್ದಲ್ಲಿ ಅದನ್ನು ಹಾಕಿ, ಹಮಾಲರಾಗಲಿ ಗುಮಾಸ್ತರಾಗಲಿ ಮೆನು ಬದಲಿಸದಂತೆ ನೋಡಿಕೊಳ್ಳಬೇಕು. ಪರದೆಯು ಮಾರುವವನ ಕಡೆಗೂ ಕಾಣುವಂತಿರಲಿ. ಕೇಳಿದರೆ ವಹಿಯನ್ನೂ ತೋರಿಸಲಿ. ಧಾನ್ಯದ ತೇವಾಂಶ ಮಾಪಕಗಳಿಗಾಗಿ ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯ ಆರ್ 59 ಎಂಬ ಶಿಫಾರಸು ಇದ್ದು, ಹೊಸ ಮಾಪಕ ಕೊಳ್ಳುವಾಗ ಅದಕ್ಕೆ ಅನುಗುಣವಾಗಿದೆಯೇ ಎಂದು ಮಾರಾಟಗಾರರನ್ನು ಲಿಖಿತವಾಗಿ ಕೇಳುವುದು ಯುಕ್ತ.

ಬ್ಯಾಟರಿ ಕುಗ್ಗಿದಾಗ ಕೆಲವು ಮಾಪಕಗಳ ಅಂಕಿ ಓಲಾಡುತ್ತದೆ. ಹಂಗಾಮು ಮುಗಿದ ಮೇಲೆ ಬ್ಯಾಟರಿ ತೆಗೆದು, ಬಟ್ಟಲಿನ ಧೂಳನ್ನು ಒಣ ಕುಂಚದಿಂದ ಒರೆಸಿ ಇಡಬೇಕು. ಒದ್ದೆ ಬಟ್ಟೆ ಸಲ್ಲದು. ದುರಸ್ತಿಗೆ ಹೋಗಿ ಬಂದ ಅಥವಾ ಫ್ಯಾಕ್ಟರಿ ರೀಸೆಟ್ ಆದ ಮಾಪಕದಲ್ಲಿ ನಾವು ನಮೂದಿಸಿದ್ದ ಆಫ್‌ಸೆಟ್ ಅಳಿಸಿ ಸೊನ್ನೆಯಾಗಿರುವುದು ಸಾಮಾನ್ಯ. ಆಧಾರವೂ ಮೊದಲಿನ ಸ್ಥಿತಿಗೆ ಮರಳಿರಬಹುದು. ಆದುದರಿಂದ ಪೆಟ್ಟಿಗೆ ಕೈಸೇರಿದ ದಿನವೇ ವಹಿಯ ಕೊನೆಯ ಪುಟದ ಅಂಕಿಗಳನ್ನು ಮರಳಿ ನಮೂದಿಸಿ, ಶೀಶೆಯ ಭತ್ತವನ್ನು ಒಮ್ಮೆ ಅಳೆದು ನೋಡಿಯೇ ಅದನ್ನು ಮೊದಲ ಲೋಡಿಗೆ ಒಯ್ಯತಕ್ಕದ್ದು.